ಹ್ಯಾಂಡಲ್ ಮಾತ್ರ ಬದಲಾಯಿಸಿಕೊಡಿ

ಕಾರು ಕೊಳ್ಳಲು ಹೋದವರನ್ನು ಸ್ಟೀರಿಂಗ್ ಯಾವ ಆಕಾರದ್ದಿರಲಿ ಎಂದು ಯಾರೂ ಕೇಳುವುದಿಲ್ಲ. ಕಂಪನಿ ಕೊಟ್ಟದ್ದನ್ನು ಹಿಡಿದು ಓಡಿಸಿಕೊಂಡು ಬರುತ್ತೇವೆ. ಸಾಮಾನು ಕಟ್ಟಿಕೊಂಡು ಊರೂರು ತಿರುಗುವ ಟೂರಿಂಗ್ ಸೈಕಲ್ ಕೊಳ್ಳುವವರ ಪಾಡು ಹಾಗಲ್ಲ. ಫ್ರೇಮು ಉಕ್ಕಿನದೋ ಅಲ್ಯೂಮಿನಿಯಮ್ಮಿನದೋ, ಹ್ಯಾಂಡಲ್ ನೇರವೋ ಬಾಗಿದ್ದೋ, ಗೇರು ಬದಲಿಸುವ ಲಿವರು ಎಲ್ಲಿರಬೇಕು, ಎಲ್ಲಕ್ಕೂ ಒಂದೊಂದು ಅಭಿಪ್ರಾಯ ಬೇಕು. ನಮ್ಮ ಹತ್ತಿರ ಇಲ್ಲದಿದ್ದರೆ ಸೈಕಲ್ ಗೆಳೆಯರು ಧಾರಾಳವಾಗಿ ಕೊಡುತ್ತಾರೆ.

ಅವರು ಮೊದಲು ಕೊಡುವ ಅಭಿಪ್ರಾಯ ಒಂದೇ. 'ಉಕ್ಕಿನದೇ ತಗೊಳ್ಳಿ, ಮುರಿದರೆ ಯಾವ ಹಳ್ಳಿಯಲ್ಲಾದರೂ ವೆಲ್ಡಿಂಗ್ ಮಾಡಿಸಬಹುದು.' ನಾನೂ ಉಕ್ಕಿನದನ್ನೇ ತಗೊಂಡೆ, ಆದರೆ ಈ ಮಾತನ್ನು ನಂಬಿ ಅಲ್ಲ. ಒಳ್ಳೆಯ ಟೂರಿಂಗ್ ಸೈಕಲ್ಲಿಗೆ ಹಾಕುವುದು ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಕ್ರೋಮೊಲಿ ಉಕ್ಕು. ಅದರ ಕೊಳವೆ ಎರಡು ತುದಿಗಳಲ್ಲಿ ದಪ್ಪ, ನಡುವೆ ತೆಳು. ಒಂದು ಮಿಲಿಮೀಟರೂ ಇರುವುದಿಲ್ಲ. ಈ ಉಪಾಯಕ್ಕೆ 1897ರಲ್ಲಿ ಪೇಟೆಂಟ್ ಪಡೆದದ್ದು ಬರ್ಮಿಂಗ್‌ಹ್ಯಾಮಿನ ರೇನಾಲ್ಡ್ಸ್ ಮನೆತನದವರು. ಅಲ್ಲಿಯವರೆಗೆ ಅವರ ಕಸುಬು ಮೊಳೆ ಮಾಡುವುದು! ನಮ್ಮಲ್ಲಿ ಗೇಟು, ಗ್ರಿಲ್ಲು ಮಾಡುವ ಪುಣ್ಯಾತ್ಮ ಆ ತೆಳು ಕೊಳವೆಗೆ ವೆಲ್ಡಿಂಗ್ ಕಡ್ಡಿ ತಾಗಿಸಿದರೆ ಬೆಸುಗೆಗಿಂತ ತೂತು ಬೀಳುವ ಸಂಭವವೇ ಜಾಸ್ತಿ.

ನನಗೆ ಹಿಡಿಸಿದ್ದು ಲೋಹಕ್ಕಿಂತ ಆ ಸೈಕಲ್ಲಿನ ಧಾರಾಳತನ. ಪೆಡಲ್ ತಿರುಗುವ ಜಾಗದಿಂದ ಹಿಂದಿನ ಚಕ್ರದ ನಡುವಿಗೆ ರೇಸ್ ಸೈಕಲ್ಲಿನಲ್ಲಿ ಸುಮಾರು 41 ಸೆಂಟಿಮೀಟರ್ ಇದ್ದರೆ ಇದರಲ್ಲಿ 45-46. ಹಿಂದೆ ಎರಡು ಕಡೆ ಬ್ಯಾಗು ನೇತುಹಾಕಿದರೂ ತುಳಿಯುವಾಗ ಹಿಮ್ಮಡಿ ಅದಕ್ಕೆ ಬಡಿಯುವುದಿಲ್ಲ. ಕ್ಯಾರಿಯರ್, ಮಡ್‌ಗಾರ್ಡ್, ನೀರಿನ ಬಾಟಲಿ ಎಲ್ಲಕ್ಕೂ ಸ್ಕ್ರೂ ಹಾಕುವ ತೂತುಗಳಿವೆ. ದಪ್ಪ ಟಯರಿಗೂ ಜಾಗ ಇದೆ. ಒಂದೆರಡು ಕೆಜಿ ಭಾರ ಜಾಸ್ತಿ, ಒಪ್ಪುತ್ತೇನೆ. ಮೇಲೆ 15-20 ಕೆಜಿ ಸಾಮಾನು ಹೇರುವವನಿಗೆ ಅದೇನು ಲೆಕ್ಕ? ಹೊಟ್ಟೆಯ ತೂಕದ ಮಾತು ಇಲ್ಲಿ ಬೇಡ.

ತಕರಾರು ಶುರುವಾದದ್ದು ಹ್ಯಾಂಡಲ್ಲಿನದು. ಇಂಥ ಸೈಕಲ್ಲುಗಳು ಹೆಚ್ಚಾಗಿ ರೇಸಿನವರಂತೆ ಕೆಳಕ್ಕೆ ಬಾಗಿದ ಡ್ರಾಪ್ ಬಾರ್ ಹೊತ್ತುಕೊಂಡೇ ಬರುತ್ತವೆ. ದಿನವಿಡೀ ತುಳಿಯುವಾಗ ಕೈಯಿಡಲು ಮೂರು ನಾಲ್ಕು ಜಾಗ ಸಿಗುತ್ತದೆ, ಎದುರುಗಾಳಿಯಲ್ಲಿ ಬಗ್ಗಬಹುದು ಎನ್ನುತ್ತಾರೆ. ಸುಳ್ಳಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನೆಟ್ಟಿಲ್ಲವಲ್ಲ. ಅಲ್ಲಿನ ಹೈವೇಯಲ್ಲಿ ಗಾಳಿ ಎದುರಾದರೆ ಡ್ರಾಪ್ ಬಾರಿನ ಬೆಲೆ ಗೊತ್ತಾಗುತ್ತದೆ. ಆದರೆ ವರ್ಷದಲ್ಲಿ ಅಂಥ ಗಂಟೆಗಳೆಷ್ಟು? ಉಳಿದ ಹೊತ್ತೆಲ್ಲಾ ಬಣ್ಣ ಬಳಿಯದ ಹಂಪು, ರಾಂಗ್ ಸೈಡಿನಲ್ಲಿ ಬರುವ ಆಟೋ, ಹೊಲದಿಂದ ಓಡಿ ಬರುವ ನಾಯಿ. ಬೆರಳು ಬ್ರೇಕ್ ಬಿಟ್ಟು ಆಚೆಗೆ ಹೋಗುವ ಹಾಗಿಲ್ಲ. ಅದೂ ಅಲ್ಲದೆ, ಕೆಳಗೆ ಬಾಗಿದ ಭಾಗವನ್ನು ಹಿಡಿದರೆ ಕಾಣುವುದು ಮುಂದಿನ ಚಕ್ರ ಮತ್ತು ಟಾರು ಮಾತ್ರ. ನಾನು ಹೊರಟದ್ದು ಊರು ನೋಡಲು.

'ಹ್ಯಾಂಡಲ್ ಮಾತ್ರ ಬದಲಾಯಿಸಿಕೊಡಿ' ಎಂದೆ. ಮೆಕ್ಯಾನಿಕ್ ನಕ್ಕ. 'ಹ್ಯಾಂಡಲ್ ಮಾತ್ರ ಅನ್ನೋದು ಯಾವುದೂ ಇಲ್ಲ ಸಾರ್.'

ಅವನು ಹೇಳಿದ್ದು ನಿಜ. ಡ್ರಾಪ್ ಬಾರಿನ ಕೊಳವೆ 23.8 ಮಿಲಿಮೀಟರ್ ದಪ್ಪ, ನೇರ ಹ್ಯಾಂಡಲ್ಲಿನ ಹಿಡಿ 22.2. ಹಾಗಾಗಿ ಅದರ ಬ್ರೇಕ್ ಲಿವರು ಇದಕ್ಕೆ ಕೂರುವುದಿಲ್ಲ. ಕೂರಿಸಿದರೂ ಕೈಗೆ ಸಿಗುವ ಹಾಗಿರುವುದಿಲ್ಲ. ಬೇರೆ ಲಿವರು ಹಾಕೋಣ ಎಂದರೆ, ರೋಡ್ ಬೈಕ್, ಅಂದರೆ ರೇಸ್ ನಮೂನೆಯ ಸೈಕಲ್ಲಿನ ಲಿವರು ಕೇಬಲ್ಲನ್ನು ಕಡಿಮೆ ಎಳೆಯುತ್ತದೆ, ನೇರ ಹ್ಯಾಂಡಲ್ಲಿನ ಮೌಂಟನ್ ಬೈಕಿನದು ಜಾಸ್ತಿ. ಅಂದಮೇಲೆ ಕೆಳಗಿರುವ ಬ್ರೇಕೂ ಅದಕ್ಕೆ ಹೊಂದಬೇಕು. ಕೇಬಲ್ಲಿನ ತಲೆಯಲ್ಲಿರುವ ಲೋಹದ ಗುಂಡೂ ಎರಡಕ್ಕೂ ಬೇರೆ ಬೇರೆ. ಸಾಲದ್ದಕ್ಕೆ ಗೇರಿನ ಲಿವರು ಬ್ರೇಕ್ ಲಿವರಿನೊಳಗೇ ಇದೆ, ಅದು ಹೋದರೆ ಇದೂ ಹೋಯಿತು. ಎಲ್ಲಾ ಮುಗಿದ ಮೇಲೆ ತಿಳಿಯುವ ಇನ್ನೊಂದು ವಿಷಯವಿದೆ. ಡ್ರಾಪ್ ಬಾರು ಮುಂದಕ್ಕೆ ಚಾಚುತ್ತದೆಂದು ಫ್ರೇಮನ್ನು ಗಿಡ್ಡ ಮಾಡಿರುತ್ತಾರೆ. ನೇರ ಹ್ಯಾಂಡಲ್ ಹಾಕಿದರೆ ಕೈ ಹತ್ತಿರ ಬರುತ್ತದೆ, ಅದನ್ನು ಸರಿದೂಗಿಸಲು ಉದ್ದದ ಸ್ಟೆಮ್, ಅಂದರೆ ಹ್ಯಾಂಡಲ್ಲನ್ನು ಮುಂದಕ್ಕೆ ಹಿಡಿದುಕೊಳ್ಳುವ ತುಂಡು, ಬೇಕು.

'ನೆಟ್ಟಗೆ ಕೂತು ಹೋಗೋಕೆ ನನ್ನ ಹರ್ಕ್ಯುಲಿಸ್ ಸಾಕಾಗ್ತಿರ್ಲಿಲ್ವೇನೋ?' ಎಂದರು ಅಪ್ಪ. ಅವರ ಕಪ್ಪು ಸೈಕಲ್ಲಿಗೆ ಬ್ರೇಕಿನ ಕೇಬಲ್ಲೇ ಇಲ್ಲ, ಕಬ್ಬಿಣದ ಸರಳುಗಳು. ಅವು ಹ್ಯಾಂಡಲ್ಲಿಗೇ ಅಂಟಿಕೊಂಡಿವೆ. ಅದಕ್ಕೇ ಹ್ಯಾಂಡಲ್ ಬದಲಿಸುವ ಯೋಚನೆ ಅವರ ಕಾಲದಲ್ಲಿ ಯಾರಿಗೂ ಬರಲಿಲ್ಲ. ನೆಮ್ಮದಿಯಾಗಿದ್ದರು. ಗೇರಿಲ್ಲದೆ ಆಗುಂಬೆ ಹತ್ತಬೇಕಾಗಿ ಬಂದಿದ್ದರೆ ಆ ನೆಮ್ಮದಿ ಎಷ್ಟನೇ ತಿರುವಿನವರೆಗೆ ಇರುತ್ತಿತ್ತೋ.

ಗೇರಿನ ವಿಷಯದಲ್ಲಿ ನಾನು ಹಳಬರ ಪಕ್ಷ. ಸೈಕಲ್ಲಿನ ಬಿಡಿಭಾಗ ಮಾಡುವ ಜಪಾನಿನ ಶಿಮಾನೊದವರು 1984ರಲ್ಲಿ ಟಕ್ ಟಕ್ ಎಂದು ಒಂದೊಂದೇ ಗೇರಿಗೆ ತಾನಾಗಿ ನಿಲ್ಲುವ ಲಿವರು ತಂದರು. 1990ರಲ್ಲಿ ಅದನ್ನು ಬ್ರೇಕ್ ಲಿವರಿನೊಳಗೆ ಸೇರಿಸಿದರು. ಅನುಕೂಲವೇನೋ ಹೌದು. ಆದರೆ ಒಂದು ಟಕ್ಕಿಗೆ ಎಳೆಯುವ ಕೇಬಲ್ಲು, ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಹಿಂದಿನ ಡಿರೇಲರ್ ಸರಿಯುವ ದೂರ, ಹಲ್ಲಿನ ಚಕ್ರಗಳ ನಡುವಿನ ಅಂತರ, ಮೂರೂ ಕೂಡಿಬರಬೇಕು. ಶಿಮಾನೊದ 9 ಸ್ಪೀಡಿನಲ್ಲಿ, ಅಂದರೆ ಹಿಂದೆ ಒಂಬತ್ತು ಗೇರಿದ್ದಾಗ, ರೋಡ್ ಬೈಕಿನ ಹಿಂದಿನ ಗೇರನ್ನು ಮೌಂಟನ್ ಬೈಕಿನದರ ಜೊತೆ ಬೆರೆಸಬಹುದಿತ್ತು. 10ಕ್ಕೆ ಬರುವಷ್ಟರಲ್ಲಿ ಅವರ ಮನೆ ಎರಡು ಪಾಲಾಯಿತು. ಮುಂದಿನ ಡಿರೇಲರಿಗಂತೂ ಮೊದಲಿನಿಂದಲೂ ಹೊಂದಾಣಿಕೆ ಕಷ್ಟ.

ಹೆಬ್ಬೆರಳಿನಿಂದ ತಳ್ಳುವ ಹಳೇ ನಮೂನೆಯ ಲಿವರಿಗೆ ಈ ಪಂಗಡಗಳಿಲ್ಲ. ಅದರಲ್ಲಿ ಟಕ್ಕೂ ಇಲ್ಲ, ಅಂಕಿಯೂ ಇಲ್ಲ. ಹಳೇ ರೇಡಿಯೋದಲ್ಲಿ ಸ್ಟೇಷನ್ ಹುಡುಕಿದ ಹಾಗೆ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ. ಚೈನಿನ ಕರಕರ ನಿಂತರೆ ಗೇರು ಸಿಕ್ಕಿತು ಎಂದರ್ಥ. ಕೇಬಲ್ ಹಿಗ್ಗಿದರೆ ಹೆಬ್ಬೆರಳೇ ಅದನ್ನು ತುಂಬಿಕೊಡುತ್ತದೆ. ಘಾಟಿಯ ತಿರುವಿನಲ್ಲಿ ಏರು ದಿಢೀರನೆ ಎದ್ದರೆ ಒಂದೇ ತಳ್ಳಿಗೆ ನಾಲ್ಕೈದು ಗೇರು ದಾಟಿಸಬಹುದು. ರೇಸಿನವರಿಗೆ ಇದು ಆಗಿಬರುವುದಿಲ್ಲ, ಅವರಿಗೆ ಅರ್ಧ ಸೆಕೆಂಡೂ ಮುಖ್ಯ. ನನ್ನ ಗಡಿಬಿಡಿ ಏನಿದ್ದರೂ ಮುಂದಿನ ಊರಿನ ಹೋಟೆಲಿನಲ್ಲಿ ಇಡ್ಲಿ ಮುಗಿಯುವುದರೊಳಗೆ ತಲುಪುವಷ್ಟು.

ಈಗ ತುದಿಗಳು ತುಸು ಹಿಂದಕ್ಕೆ ಬಾಗಿದ ಅಗಲದ ಹ್ಯಾಂಡಲ್ ಬಂದಿದೆ. ಕತ್ತು ನೋವಿಲ್ಲ. ಕೆರೆ, ತೋಟ, ಬೇಲಿಯಾಚೆಯ ಜಗಳ, ಎಲ್ಲಾ ಕಾಣುತ್ತದೆ. ಗಂಟೆಗೂ ಜಾಗ ಸಿಕ್ಕಿತು. ನಮ್ಮ ರಸ್ತೆಯಲ್ಲಿ ಗೇರಿಗಿಂತ ಅದು ಮುಖ್ಯ, ಅಲ್ವಾ? ಆದರೆ ಬಗ್ಗಿ ಕೂತಾಗ ಕೈಗಳು ಹೊರುತ್ತಿದ್ದ ಭಾರವೆಲ್ಲಾ ಈಗ ಹಿಂದಕ್ಕೆ ಜಾರಿದೆ. ರೇಸಿನವರ ಸಪೂರ ಸೀಟು ಅದಕ್ಕೆ ಸಾಲುತ್ತಿಲ್ಲ. ಅಪ್ಪನ ಹರ್ಕ್ಯುಲಿಸ್ಸಿನ ಅಗಲವಾದ ಸ್ಪ್ರಿಂಗ್ ಸೀಟಿನ ಮೇಲೆ ಕಣ್ಣು ಬಿದ್ದಿದೆ. ಅಳತೆ ತಗೊಂಡು ಮೆಕ್ಯಾನಿಕ್‌ಗೆ ಫೋನು ಮಾಡಿದೆ.

'ಸೀಟು ಮಾತ್ರ ತಾನೇ ಸಾರ್?' ಎಂದ.