ರೈಲು ಬರುತ್ತದಂತೆ, ಇಟ್ ಸೀಮ್ಸ್

ಇಂಗ್ಲಿಷಿನಲ್ಲಿ 'ಸೀಮ್' ಅಂತ ಒಂದು ಕ್ರಿಯಾಪದ ಇದೆ. ನೋಡಿದವನಿಗೆ ಹಾಗೆ ಕಂಡಿತು ಅಂತ ಅರ್ಥ. 'ಹಿ ಸೀಮ್ಸ್ ಟೈರ್ಡ್' ಅಂದರೆ ಅವನ ಮುಖ ನೋಡಿದೆ, ಸುಸ್ತಾದ ಹಾಗೆ ಕಾಣುತ್ತಾನೆ ಅಂತ. ಆ ಮಾತಿಗೆ ಹೇಳಿದವನೇ ಸಾಕ್ಷಿ. ಚಿತ್ರದುರ್ಗ ತಲುಪುವಷ್ಟರಲ್ಲಿ ಈ ಸಾಕ್ಷಿ ದಾರಿಯಲ್ಲೇ ಎಲ್ಲೋ ಇಳಿದುಹೋಗಿದ್ದಾನೆ. ನಾವು ಅದನ್ನು ನಮ್ಮ 'ಅಂತೆ' ಜಾಗಕ್ಕೆ ತಂದು ಕೂರಿಸಿದೆವು. 'ಹಿ ಈಸ್ ಟೈರ್ಡ್ ಇಟ್ ಸೀಮ್ಸ್' ಅಂದರೆ ನಾನು ಅವನನ್ನು ನೋಡೇ ಇಲ್ಲ, ಯಾರೋ ಹೇಳಿದರು, ಸುಳ್ಳಾದರೆ ನನ್ನನ್ನು ಕೇಳಬೇಡಿ.

ಮನೆ ಮಾತಿಗೆ ಇದೇನೂ ತಪ್ಪಲ್ಲ ಬಿಡಿ. ಪಕ್ಕದ ಮನೆ ಹುಡುಗಿಗೆ ಗಂಡು ಗೊತ್ತಾಯಿತಂತೆ ಅಂದರೆ ಪ್ರೂಫ್ ಯಾರು ಕೇಳುತ್ತಾರೆ? ಆದರೆ ನಮ್ಮಲ್ಲಿ ಇಡೀ ಜಿಲ್ಲೆಯ ಅಭಿವೃದ್ಧಿಯೇ ಅಂತೆಯ ಮೇಲೆ ನಿಂತಿದೆ.

ತುಮಕೂರಿನಿಂದ ದುರ್ಗದ ಮೇಲೆ ದಾವಣಗೆರೆಗೆ ಹೋಗುವ ರೈಲು ಮಾರ್ಗ 2011-12ರ ರೈಲ್ವೆ ಬಜೆಟ್‌ನಲ್ಲಿ ಬಂತು. ಅವತ್ತಿನಿಂದ ರೈಲು ಬರುತ್ತದಂತೆ. ಸರ್ವೆ ಆಯಿತಂತೆ, ಜಮೀನು ತಗೊಳ್ಳುತ್ತಾರಂತೆ, ಪರಿಹಾರ ಜಾಸ್ತಿ ಮಾಡುತ್ತಾರಂತೆ. ಆ ವರ್ಷ ಹುಟ್ಟಿದ ಮಕ್ಕಳು ಹೈಸ್ಕೂಲಿಗೆ ಬಂದರು. ಅವರೂ ಅದನ್ನೇ ಹೇಳುತ್ತಾರೆ, ಇಂಗ್ಲಿಷ್ ಮೀಡಿಯಂ ಅಲ್ವಾ, 'ಟ್ರೈನ್ ಈಸ್ ಕಮಿಂಗ್ ಇಟ್ ಸೀಮ್ಸ್' ಅಂತ. ಅಷ್ಟು ಪ್ರಗತಿ ಆಗಿದೆ, ಇಲ್ಲ ಅನ್ನಬಾರದು.

ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಅಂತ 2023ರ ಫೆಬ್ರವರಿಯಲ್ಲಿ ಕೇಂದ್ರ ಬಜೆಟ್‌ನಲ್ಲೇ ಹೇಳಿದರು. ಇದಕ್ಕೆ ಟೀವಿ ನೋಡಿದ ನಾವೆಲ್ಲ ಸಾಕ್ಷಿ. ಆದರೂ ಅಂತೆ ಬಂದು ಅಂಟಿಕೊಂಡಿತು. ದೆಹಲಿಯವರು ಕೊಡುತ್ತಾರಂತೆ, ಬೆಂಗಳೂರಿನವರಿಗೆ ಒಂದು ರೂಪಾಯಿಯೂ ಬಂದಿಲ್ಲವಂತೆ, ಎಲ್ಲೋ ಯಾವುದೋ ಕಾಗದ ಬಾಕಿ ಇದೆಯಂತೆ. ಇತ್ತ ರೈತ ಹೊಲದಲ್ಲಿ ಬೋರ್ ಕೊರೆಸುತ್ತಿದ್ದಾನೆ. ಅಲ್ಲಿ ಅಂತೆಗಿಂತೆ ನಡೆಯೋದಿಲ್ಲ. ಲಾರಿಯವನಿಗೆ ಅಡಿ ಲೆಕ್ಕದಲ್ಲಿ ದುಡ್ಡು ಎಣಿಸಬೇಕು, ಬರೀ ಧೂಳು ಎದ್ದರೂ ಎಣಿಸಬೇಕು.

ಇನ್ನು ಕಚೇರಿ ಕನ್ನಡ. ಇಂಗ್ಲಿಷಿಗಿಂತ ಜಾಣ ಅದು. 'ಪರಿಶೀಲಿಸಲಾಗಿ ಕಂಡುಬಂದಿರುತ್ತದೆ' ಅಂತ ಬರೆದುಬಿಟ್ಟರೆ ಮುಗೀತು, ಪರಿಶೀಲಿಸಿದ್ದು ಯಾರು, ಕಂಡಿದ್ದು ಯಾರ ಕಣ್ಣಿಗೆ, ಆ ಹೊತ್ತಿಗೆ ಕಣ್ಣು ತೆರೆದಿತ್ತಾ, ಯಾವುದನ್ನೂ ಕೇಳುವ ಹಾಗಿಲ್ಲ. ನಮ್ಮ ಬೀದಿಯ ಗುಂಡಿ ಬಗ್ಗೆ ಅರ್ಜಿ ಹಾಕಿದರೆ 'ಸದರಿ ಸ್ಥಳದಲ್ಲಿ ಯಾವುದೇ ಗುಂಡಿ ಕಂಡುಬಂದಿರುವುದಿಲ್ಲ' ಅಂತ ಉತ್ತರ ಬರುತ್ತದೆ. ಅದನ್ನು ತಂದುಕೊಡುವ ಪೋಸ್ಟ್‌ಮ್ಯಾನ್ ಅದೇ ಗುಂಡಿ ಹತ್ತಿರ ಸೈಕಲ್ ಇಳಿದು, ತಳ್ಳಿಕೊಂಡು ಬಂದಿರುತ್ತಾನೆ.

ಸೀಮ್‌ಗೆ ಸಾಮಾನ್ಯವಾಗಿ 'ಇಂಗ್' ಹಚ್ಚಬಾರದು, 'ಈಸ್ ಸೀಮಿಂಗ್' ಅನ್ನಬಾರದು ಅಂತ ಗ್ರಾಮರ್ ಮೇಷ್ಟ್ರು ಹೇಳಿಕೊಡುತ್ತಾರೆ. ಅದು ನಡೆಯುತ್ತಿರುವ ಕೆಲಸ ಅಲ್ಲ, ಸುಮ್ನೆ ಇರುವ ಸ್ಥಿತಿ ಅಂತೆ. 'ಕಾಮಗಾರಿ ಪ್ರಗತಿಯಲ್ಲಿದೆ' ಅಂತ ಬೋರ್ಡ್ ಬರೆಸುವವರನ್ನೂ ಒಂದು ದಿನ ಆ ಕ್ಲಾಸಿನಲ್ಲಿ ಕೂರಿಸಬೇಕು. ನಮ್ಮ ಕಡೆ ಒಂದು ಬೋರ್ಡ್ ಇದೆ. ದುರ್ಗದ ಬಿಸಿಲಿಗೆ ಬಣ್ಣ ಉದುರಿ 'ಪ್ರಗತಿ' ಪೂರ್ತಿ ಅಳಿಸಿಹೋಗಿದೆ. ಈಗ ಉಳಿದಿರೋದು 'ಕಾಮಗಾರಿ ಯಲ್ಲಿದೆ' ಅಂತ ಅಷ್ಟೇ. ಓದಿದವರೆಲ್ಲ ಅದನ್ನು ಪ್ರಶ್ನೆ ಅಂದುಕೊಂಡು ಆಕಡೆ ಈಕಡೆ ಹುಡುಕುತ್ತಾರೆ. ಹೊಸ ಬೋರ್ಡಿಗೆ ಟೆಂಡರ್ ಕರೆದಿದ್ದಾರಂತೆ.