ಬಾಂಜೋ ಮಡಿ, ಬಾಯಿ ಮೈಲಿಗೆ

ಪಿಟೀಲು, ಬಾಂಜೋ ಹಿಡಿದು ಹಾಡುವ ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತಕ್ಕೆ ರಾಜಕೀಯ ಸೋಕಬಾರದಂತೆ. ಹಾಡುವವರು ತೆಪ್ಪಗೆ ಹಾಡಿಕೊಂಡಿರಬೇಕಂತೆ. ಈ ಮಡಿ ಎಷ್ಟು ಹಳೆಯದೆಂದು ಹುಡುಕುತ್ತ ಹೋದರೆ ಸಿಗುವುದು ಒಂದು ಚೀಲ ಗೋಧಿಹಿಟ್ಟು.

ಡಬ್ಲ್ಯೂ. ಲೀ ಓ'ಡೇನಿಯಲ್ ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ ಹಿಟ್ಟಿನ ಗಿರಣಿಯೊಂದರ ಮ್ಯಾನೇಜರ್. 1931ರಲ್ಲಿ ಹಿಟ್ಟಿನ ಪ್ರಚಾರಕ್ಕೆಂದು ರೇಡಿಯೊದಲ್ಲಿ ಶುರುವಾದ ಹಾಡಿನ ಕಾರ್ಯಕ್ರಮವನ್ನು ಎರಡೇ ವಾರದಲ್ಲಿ ನಿಲ್ಲಿಸಿಬಿಟ್ಟ. ಆ ಸಂಗೀತ ಕಂಡರೆ ಅವನಿಗಾಗದು. ಜನ ಬಿಡಲಿಲ್ಲ. ಮತ್ತೆ ಶುರು ಮಾಡಿದವನು ವಾದ್ಯದವರನ್ನು ಗಿರಣಿ ಕೆಲಸಕ್ಕೂ ಹಚ್ಚಿದ. ಹಿಟ್ಟು ಬಿಕರಿಯಾಗತೊಡಗಿದ ಮೇಲೆ ಪಿಟೀಲು ಇಂಪಾಗಿ ಕೇಳಿಸಿತು. ಮುಂದೆ 'ಹಿಲ್‌ಬಿಲಿ ಫ್ಲೋರ್' ಎಂಬ ಸ್ವಂತ ಹಿಟ್ಟು. ಬೀಸಿದವರು ಬೇರೆ, ಚೀಲ ಮಾತ್ರ ಇವನದು. ರಾಜಕೀಯಕ್ಕೆ ಇದಕ್ಕಿಂತ ಒಳ್ಳೆಯ ತಾಲೀಮು ಇದೆಯೇ?

1938ರಲ್ಲಿ ಗವರ್ನರ್ ಹುದ್ದೆಗೆ ನಿಂತ. ಅಲ್ಲಿ ಗವರ್ನರ್ ಎಂದರೆ ಜನರೇ ಆರಿಸುವ, ರಾಜ್ಯ ಆಳುವ ಮುಖ್ಯಸ್ಥ. ಲಾರಿಯಲ್ಲಿ ಬ್ಯಾಂಡು, ಮೇಲೊಂದು ಮೈಕು. ಪ್ರಣಾಳಿಕೆಯಲ್ಲಿ ಬೈಬಲಿನ ಹತ್ತು ಆಜ್ಞೆಗಳು, ಜೊತೆಗೆ 65 ದಾಟಿದವರಿಗೆಲ್ಲ ತಿಂಗಳಿಗೆ 30 ಡಾಲರ್ ಪಿಂಚಣಿ. ದುಡ್ಡು ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರಿಸುವ ಹೊಣೆ ಪಿಟೀಲಿನದು. ಹಾಡಿನ ನಡುವೆ ಹಿಟ್ಟಿನ ಪೀಪಾಯಿಯಂಥ ಪುಟ್ಟ ಡಬ್ಬಗಳು ದೇಣಿಗೆಗಾಗಿ ಜನರ ಕೈಯಿಂದ ಕೈಗೆ ಸಾಗುತ್ತಿದ್ದವು. ಮತ ಹಾಕಲು ಕಟ್ಟಬೇಕಿದ್ದ ತೆರಿಗೆಯನ್ನು ಅಭ್ಯರ್ಥಿಯೇ ಕಟ್ಟಿರಲಿಲ್ಲ. ಹಾಗಾಗಿ ತನ್ನ ವೋಟು ತನಗೇ ಇಲ್ಲ. ಆದರೂ ಪ್ರೈಮರಿಯನ್ನು, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯನ್ನು, ಮೊದಲ ಸುತ್ತಿನಲ್ಲೇ ಬಾಚಿಕೊಂಡ. ಗೆದ್ದ ಮೇಲೆ ಪಿಂಚಣಿಗೆ ದುಡ್ಡು ಹೊಂದಿಸಲು ಹೊರಟದ್ದು ವಹಿವಾಟಿನ ಮೇಲೆ ಶೇ. 1.6 ತೆರಿಗೆ ಹಾಕಿ. ಶಾಸನಸಭೆ ಒಪ್ಪಲಿಲ್ಲ.

1941ರಲ್ಲಿ ಸೆನೆಟ್ ಉಪಚುನಾವಣೆಯಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಲಿಂಡನ್ ಜಾನ್ಸನ್‌ರನ್ನು ಇವನು ಸೋಲಿಸಿದ್ದು 1,311 ಮತಗಳಿಂದ. ಮದ್ಯವೆಂದರೆ ಕೆಂಡ ಕಾರುತ್ತಿದ್ದ ಇವನ ಗೆಲುವಿಗೆ ಬಿಯರ್ ವ್ಯಾಪಾರಿಗಳೂ ದುಡಿದರು. ಗೆದ್ದರೆ ವಾಷಿಂಗ್ಟನ್‌ಗೆ ತೊಲಗುತ್ತಾನಲ್ಲ!

ಪಕ್ಕದ ಲೂಸಿಯಾನಾದಲ್ಲಿ ಜಿಮ್ಮಿ ಡೇವಿಸ್. ಶ್ರೀವ್‌ಪೋರ್ಟ್‌ನಲ್ಲಿ ರಾಜಕೀಯ ಶುರು ಮಾಡಿ, 'ಯು ಆರ್ ಮೈ ಸನ್‌ಶೈನ್' ಹಾಡುತ್ತಲೇ 1944ರಲ್ಲಿ ಗವರ್ನರ್ ಆದವರು. ಅವರ ಹಳೆಯ ಪೋಲಿ ಹಾಡುಗಳ ರೆಕಾರ್ಡನ್ನು ಎದುರಾಳಿಗಳು ಸಭೆಯಲ್ಲಿ ಹಾಕಿ ಮಾನ ಕಳೆಯಲು ನೋಡಿದರೆ ಜನ ಕುಣಿದರು. 1932ರಲ್ಲಿ ಆಸ್ಕರ್ ವುಡ್ಸ್ ಎಂಬ ಕಪ್ಪು ಗಿಟಾರ್ ವಾದಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ರೆಕಾರ್ಡ್ ಮಾಡಿದ್ದ ಇದೇ ಮಹಾಶಯರು 1960ರಲ್ಲಿ ಮರಳಿ ಗವರ್ನರ್ ಆದದ್ದು, ಕಪ್ಪು ಮಕ್ಕಳು ಬಿಳಿಯರ ಶಾಲೆಯಲ್ಲಿ ಕೂರಬಾರದೆಂಬ ಪಕ್ಷ ಹಿಡಿದು.

ಇಷ್ಟರಲ್ಲಿ ಎಲ್ಲೂ ಮೈಲಿಗೆಯಾಗಲಿಲ್ಲ. 1974ರ ಮಾರ್ಚ್‌ನಲ್ಲಿ, ವಾಟರ್‌ಗೇಟ್ ಹಗರಣ ಕುತ್ತಿಗೆಗೆ ಬಂದಿದ್ದಾಗ, ಅಧ್ಯಕ್ಷ ನಿಕ್ಸನ್ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಹೆಸರಾಂತ ಕಂಟ್ರಿ ಸಂಗೀತ ಕಾರ್ಯಕ್ರಮದ ವೇದಿಕೆ ಹತ್ತಿ ಪಿಯಾನೊ ನುಡಿಸಿದಾಗಲೂ ಆಗಲಿಲ್ಲ.

ಮೈಲಿಗೆಯಾದದ್ದು 2003ರ ಮಾರ್ಚ್ 10ರಂದು. ಇರಾಕ್ ಯುದ್ಧಕ್ಕೆ ಹೊರಟ ಅಧ್ಯಕ್ಷ ಬುಷ್ ತಮ್ಮದೇ ಟೆಕ್ಸಾಸಿನವರೆನ್ನಲು ನಾಚಿಕೆಯಾಗುತ್ತದೆ ಎಂದು ಡಿಕ್ಸಿ ಚಿಕ್ಸ್ ಎಂಬ ಕಂಟ್ರಿ ತಂಡದ ನಟಾಲಿ ಮೇನ್ಸ್ ಲಂಡನ್ನಿನ ವೇದಿಕೆಯಲ್ಲಿ ಒಂದು ವಾಕ್ಯ ಆಡಿದರು. ಕ್ಯುಮುಲಸ್ ಕಂಪನಿ ತನ್ನ 42 ಕಂಟ್ರಿ ರೇಡಿಯೊ ಕೇಂದ್ರಗಳಿಂದ ಅವರ ಹಾಡು ಕಿತ್ತುಹಾಕಿತು. ಅದೇ ವಸಂತದಲ್ಲಿ ಯುದ್ಧದ ಪರ ವಾದಿಸುವ ಡಾರಿಲ್ ವೊರ್ಲಿಯವರ ಹಾಡು ಕಂಟ್ರಿ ಪಟ್ಟಿಯ ನೆತ್ತಿಯಲ್ಲಿ 7 ವಾರ ಕೂತಿತ್ತು. ಅದು ರಾಜಕೀಯವಲ್ಲ, ಸಂಗೀತ.

ಶ್ರೀವ್‌ಪೋರ್ಟ್‌ನಿಂದ ನದಿ ದಾಟಿದರೆ ಬೋಸಿಯರ್ ಸಿಟಿ. ಅಲ್ಲಿ ಆ ತಂಡದ ಸಿಡಿಗಳ ಮೇಲೆ ಟ್ರ್ಯಾಕ್ಟರ್ ಹರಿಸಿ ಶುದ್ಧಿ ಮಾಡಲಾಯಿತು. ಒಂದು ಸಿಡಿಯ ತೂಕ ಸುಮಾರು 15 ಗ್ರಾಂ. ಟ್ರ್ಯಾಕ್ಟರಿನದು ಸುಮಾರು 15 ಟನ್.