ಗೌಸ್–ಟೆಸ್ಲಾ ಬರಿಯ ಸೊನ್ನೆಗಳ ಲೆಕ್ಕವಲ್ಲ
ಅಳತೆಯ ಪದ್ಧತಿಗಳ ಕುರಿತ ಲೇಖನವೊಂದರಲ್ಲಿ, ಸಿಜಿಎಸ್‌ನಿಂದ (ಸೆಂಟಿಮೀಟರ್–ಗ್ರಾಂ–ಸೆಕೆಂಡ್ ಪದ್ಧತಿ) ಎಸ್‌ಐ ಎಂಬ ಅಂತರರಾಷ್ಟ್ರೀಯ ಪದ್ಧತಿಗೆ ಬರುವುದು ಸೆಂಟಿಮೀಟರನ್ನು ಮೀಟರಿಗೆ ಬದಲಿಸಿದಷ್ಟೇ ಸುಲಭವೆಂದು ಲೇಖಕರು ಬರೆದಿದ್ದಾರೆ. ಬಲವಿಜ್ಞಾನದ ಮಟ್ಟಿಗೆ ಇದು ಸರಿಯಾದರೂ, ವಿದ್ಯುತ್ಕಾಂತತೆಯಲ್ಲಿ ಸಮೀಕರಣಗಳ ರೂಪವೇ ಬದಲಾಗುತ್ತದೆ. ಕಾಂತಕ್ಷೇತ್ರದ ಎಸ್‌ಐ ಮಾನವಾದ ಒಂದು ಟೆಸ್ಲಾ ಎಂದರೆ ಸಿಜಿಎಸ್‌ನ 10,000 ಗೌಸ್ ಎನ್ನುವವರೆಗೆ ತೊಡಕಿಲ್ಲ. ಆದರೆ ಗೌಸಿಯನ್ ಪದ್ಧತಿಯಲ್ಲಿ (ಸಿಜಿಎಸ್‌ನ ವಿದ್ಯುತ್ಕಾಂತ ರೂಪ) ಬಿ (ಕಾಂತೀಯ ಅಭಿವಾಹ ಸಾಂದ್ರತೆ) ಎಂಬುದು ಎಚ್ (ಕಾಂತಕ್ಷೇತ್ರದ ತೀವ್ರತೆ) ಮತ್ತು 4 ಪೈ ಎಮ್‌ಗಳ (ಎಮ್ ಎಂದರೆ ವಸ್ತುವಿನ ಕಾಂತೀಕರಣ) ಮೊತ್ತವಾದರೆ, ಎಸ್‌ಐನಲ್ಲಿ ಆ 4 ಪೈ ಮಾಯವಾಗಿ, ಎಚ್ ಮತ್ತು ಎಮ್‌ಗಳ ಮೊತ್ತವನ್ನು ಮ್ಯೂ-ಸೊನ್ನೆಯಿಂದ (ನಿರ್ವಾತದ ಕಾಂತೀಯ ಪಾರಗಮ್ಯತೆ ಎಂಬ ಸ್ಥಿರಾಂಕ) ಗುಣಿಸಬೇಕಾಗುತ್ತದೆ. ಎಚ್‌ನ ಸಿಜಿಎಸ್ ಮಾನವಾದ ಒಂದು ಅರ್ಸ್ಟೆಡ್‌ಗೆ ಮೀಟರಿಗೆ ಸುಮಾರು 79.6 ಆಂಪಿಯರ್ ಎಂಬ ವಿಚಿತ್ರ ಸಂಖ್ಯೆ ಬರುವುದೂ ಇದರಿಂದಲೇ. ನಮ್ಮ ಪ್ರಯೋಗಾಲಯದ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಸಸೆಪ್ಟಿಬಿಲಿಟಿಯಲ್ಲಿ, ಎಂದರೆ ಕಾಂತಕ್ಷೇತ್ರದಲ್ಲಿ ವಸ್ತು ಎಷ್ಟು ಕಾಂತೀಕರಣಗೊಳ್ಳುತ್ತದೆ ಎಂಬ ಅಳತೆಯಲ್ಲಿ: ಎರಡೂ ಪದ್ಧತಿಗಳಲ್ಲಿ ಆಯಾಮವೇ ಇಲ್ಲದ ಈ ಸಂಖ್ಯೆ (ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ) 4 ಪೈ ಪಟ್ಟು ವ್ಯತ್ಯಾಸವಾಗಿರುತ್ತದೆ. ಅಲ್ಲದೆ, ಲೇಖನವು ನಿಖರವೆಂದು ಕೊಟ್ಟಿರುವ ಮ್ಯೂ-ಸೊನ್ನೆಯ ಬೆಲೆ 2019ರ ಮೇ 20ರಿಂದ ಪ್ರಯೋಗದಲ್ಲಿ ಅಳೆದು ತಿಳಿಯಬೇಕಾದ ಬೆಲೆಯಾಗಿದೆ.